ಸಾರವೆ ಮೇಲೆ ಕೆಲಸ: ಸಣ್ಣ ಸೈಟ್‌ಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಅಪಾರ್ಟ್‌ಮೆಂಟ್ ಸೈಟ್‌ಗಳಲ್ಲಿ ಸೇಫ್ಟಿ ಆಫೀಸರ್ ಇರುತ್ತಾರೆ. 30/40 ಸೈಟಿನಲ್ಲಿ ಮನೆ ಏಳುವ ಕಡೆ ಅಂಥವರು ಯಾರೂ ಇರುವುದಿಲ್ಲ. ಅಲ್ಲಿ ಇರುವುದು ಓನರ್, ಮೇಸ್ತ್ರಿ, ನಾಲ್ಕೈದು ಜನ ಗಾರೆಯವರು, ಬಾಡಿಗೆಗೆ ತಂದ ಸಾರವೆ (ಸ್ಕ್ಯಾಫೋಲ್ಡಿಂಗ್) ಸಾಮಾನು, ಅಷ್ಟೇ. ನಾನು ಸೂಪರ್‌ವೈಸರ್ ಆಗಿ ದುಡಿದಿದ್ದು ಹೆಚ್ಚಾಗಿ ಅಂಥ ಸೈಟ್‌ಗಳಲ್ಲೇ. ಅಲ್ಲಿ ಓನರ್‌ಗಳು, ಮೇಸ್ತ್ರಿಗಳು, ಕೆಲಸದವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ನಮ್ಮದು ಬರೀ ಗ್ರೌಂಡ್ ಪ್ಲಸ್ ಒಂದು. ಹತ್ತಡಿ ಎತ್ತರಕ್ಕೆ ಇಷ್ಟೆಲ್ಲಾ ಬೇಕಾ?

ಬೇಕು. ಹತ್ತಡಿಯಿಂದ ಬಿದ್ದವನು ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಊರೊಳಗೆ ಸ್ಕೂಟರ್ ಓಡಿಸುವ ವೇಗ ಅದು. ಕೆಳಗೆ ಏನಿದೆ ಅನ್ನುವುದೂ ಮುಖ್ಯ. ಸೈಟ್‌ನಲ್ಲಿ ಕೆಳಗೆ ಹುಲ್ಲುಹಾಸು ಇರುವುದಿಲ್ಲ. ಜಲ್ಲಿ, ಒಡೆದ ಬ್ಲಾಕ್, ಕಾಲಮ್‌ನಿಂದ ಮೇಲಕ್ಕೆ ಚಾಚಿದ ಕಂಬಿ ಇರುತ್ತವೆ.

ನಾನು ಕಣ್ಣಾರೆ ಕಂಡ ಕೆಟ್ಟ ಪೆಟ್ಟು ಆರನೇ ಮಹಡಿಯಿಂದ ಬಿದ್ದದ್ದಲ್ಲ. ಸಜ್ಜೆಗೆ ಪ್ಲಾಸ್ಟರ್ ಮಾಡುತ್ತಿದ್ದ ಒಬ್ಬರು ಒಂಬತ್ತಡಿಯಿಂದ ಬಿದ್ದರು. ಹಿಂದಿನ ಸಂಜೆ ಯಾರೋ ನೀರಿನ ಡ್ರಮ್ ಉರುಳಿಸಲು ಒಂದು ಹಲಗೆ ಎಳೆದುಕೊಂಡಿದ್ದರು. ಬೆಳಿಗ್ಗೆ ಅದನ್ನು ವಾಪಸ್ ಇಟ್ಟಿದ್ದೇನೋ ನಿಜ, ಆದರೆ ಕಟ್ಟಿರಲಿಲ್ಲ. ಅವರು ತುದಿಗೆ ಕಾಲಿಟ್ಟರು, ಹಲಗೆ ಮಗುಚಿತು. ಸೊಂಟದ ಮೂಳೆ ಮುರಿಯಿತು. ಅವರು ಮತ್ತೆ ಕರಣೆ ಹಿಡಿಯಲೇ ಇಲ್ಲ. ಆ ಹಲಗೆ ಎಳೆದವರು ಯಾರು ಎಂದು ಇವತ್ತಿಗೂ ಗೊತ್ತಾಗಿಲ್ಲ.

ಸಣ್ಣ ಸೈಟ್‌ನ ಕಷ್ಟವೇ ಇದು. ಸಾರವೆಗೆ ವಾರಸುದಾರ ಇರುವುದಿಲ್ಲ. ಬಾಡಿಗೆಗೆ ಕೊಟ್ಟವನು ಬಿಸಾಕಿ ಹೋಗುತ್ತಾನೆ. ಗಾರೆಯವರು ಕಟ್ಟುತ್ತಾರೆ, ಪೇಂಟರ್ ಹತ್ತುತ್ತಾನೆ, ಎಲೆಕ್ಟ್ರಿಷಿಯನ್ ನಡುವೆ ಒಂದು ಪೈಪ್ ಬಿಚ್ಚುತ್ತಾನೆ.

ಹಾಗಾದರೆ ಸಾರವೆಗೆ ಯಾರು ಜವಾಬ್ದಾರಿ?

ಒಬ್ಬರೇ ಒಬ್ಬರು. ಮೇಸ್ತ್ರಿ ಆಗಲಿ, ಅನುಭವ ಇರುವ ಗಾರೆಯವರಾಗಲಿ, ಒಬ್ಬರ ಹೆಸರು ಹೇಳಿಬಿಡಿ. ಅವರನ್ನು ಕೇಳದೆ ಒಂದು ಹಗ್ಗವನ್ನೂ ಯಾರೂ ಬಿಚ್ಚಬಾರದು. ಬೆಳಿಗ್ಗೆ ಯಾರೂ ಹತ್ತುವ ಮೊದಲು ಅವರು ಒಂದು ಸುತ್ತು ಬರಬೇಕು. ಕಾಲು ಕುಸಿದಿದೆಯಾ, ಗಂಟು ಸಡಿಲ ಆಗಿದೆಯಾ, ಹಲಗೆ ಕಟ್ಟಿದೆಯಾ, ಬೀಳದಂತೆ ಅಂಚಿಗೆ ಕಟಕಟೆ ಇದೆಯಾ ಎಂದು ನೋಡಿದರೆ ಐದು ನಿಮಿಷದ ಕೆಲಸ. ಜೋರು ಮಳೆ ಗಾಳಿ ಆದ ಮೇಲೆ, ಲಾರಿ ತಾಗಿದ ಮೇಲೆ, ನಾಲ್ಕು ದಿನ ಹಬ್ಬಕ್ಕೆ ಊರಿಗೆ ಹೋಗಿ ಬಂದ ಮೇಲೆ ಮತ್ತೆ ನೋಡಬೇಕು.

ದೊಡ್ಡ ಸೈಟ್‌ಗಳಲ್ಲಿ ಇದಕ್ಕೆ ಹಸಿರು, ಕೆಂಪು ಟ್ಯಾಗ್ ತೂಗುಹಾಕುತ್ತಾರೆ. ಹಸಿರು ಇದ್ದರೆ ಹತ್ತು, ಕೆಂಪು ಇದ್ದರೆ ಬೇಡ. ನಮ್ಮಲ್ಲಿ ಏಣಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೂ ಸಾಕು. ಕೆಲಸದವರು ರಾಯಚೂರು, ಯಾದಗಿರಿಯವರೂ ಇರುತ್ತಾರೆ, ಬಿಹಾರ, ಒಡಿಶಾದವರೂ ಇರುತ್ತಾರೆ. ಬೋರ್ಡ್ ಬರೆದರೆ ಓದುವವರು ಎಷ್ಟು ಜನ ಹೇಳಿ. ಕೆಂಪು ಬಟ್ಟೆ ಎಲ್ಲರಿಗೂ ಅರ್ಥ ಆಗುತ್ತದೆ.

ಸರ್ವೆ ಮರದ ಸಾರವೆ ಒಳ್ಳೆಯದಾ, ಕಬ್ಬಿಣದ್ದಾ?

ಕೈಗೆಟುಕಿದರೆ ಕಬ್ಬಿಣದ್ದು. ಅದರ ಪೈಪ್‌ನ ಹೊರ ಅಳತೆ 48 ಮಿಲಿಮೀಟರ್ ಚಿಲ್ಲರೆ ಎಂದು ಗೊತ್ತುಪಡಿಸಿದ್ದು. ಪೈಪ್‌ಗಳನ್ನು ಜೋಡಿಸುವ ಕ್ಲ್ಯಾಂಪ್, ಕಪ್‌ಲಾಕ್ ಎಲ್ಲಾ ಆ ಅಳತೆಗೇ ಕೂರುತ್ತವೆ. ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕಬಹುದು. ಆದರೆ ಕಬ್ಬಿಣ ಅಂದ ಮಾತ್ರಕ್ಕೆ ನಂಬಬೇಡಿ. ಬಾಡಿಗೆ ಅಂಗಡಿಯಿಂದ ಬರುವ ಪೈಪ್‌ಗಳಲ್ಲಿ ಬಾಗಿದ್ದು, ತುಕ್ಕು ತಿಂದು ತೆಳ್ಳಗಾಗಿದ್ದು, ಬೆಸುಗೆ ಬಿಟ್ಟಿದ್ದು ಸೇರಿಕೊಂಡಿರುತ್ತವೆ. ಇಳಿಸಿಕೊಳ್ಳುವಾಗಲೇ ಬೇರೆ ಮಾಡಿ ವಾಪಸ್ ಕಳಿಸಿ. ಒಮ್ಮೆ ಕಟ್ಟಿದ ಮೇಲೆ ಯಾರೂ ಬದಲಾಯಿಸುವುದಿಲ್ಲ.

ಸರ್ವೆ, ನೀಲಗಿರಿ ಗಳಗಳಲ್ಲಿ ಕಟ್ಟಿ ನಮ್ಮ ಕಡೆ ಎಷ್ಟೋ ಸಾವಿರ ಮನೆ ಎದ್ದಿವೆ. ಚೆನ್ನಾಗಿ ಕಟ್ಟಿದರೆ ತಪ್ಪೇನಿಲ್ಲ. ಸಿಪ್ಪೆ ತೆಗೆದ ಗಳವೇ ಆಗಬೇಕು, ಯಾಕೆಂದರೆ ಹುಳ ತಿಂದಿದ್ದು ಸಿಪ್ಪೆಯ ಕೆಳಗೇ ಅಡಗಿರುತ್ತದೆ. ದಪ್ಪ ತುದಿ ಕೆಳಗೆ ಇರಲಿ. ಬಡಿದರೆ ಟಣ್ ಅನ್ನಬೇಕು. ಡಬ್ ಅಂದರೆ ಒಳಗೆ ಟೊಳ್ಳು ಎಂದು ಹಳೆಯ ಮೇಸ್ತ್ರಿಗಳು ಹೇಳುತ್ತಿದ್ದರು. ಬೊಂಬು ಹಾಕುವವರು ಗೆಣ್ಣಿನ ಹತ್ತಿರ ಸೀಳು ಬಿಟ್ಟಿದೆಯಾ ನೋಡಿ.

ಹಗ್ಗದ ವಿಷಯದಲ್ಲಿ ಜಿಪುಣತನ ಬೇಡ. ತೆಂಗಿನ ನಾರಿನ ಹಗ್ಗ ನೆಂದು ಒಣಗಿ, ನೆಂದು ಒಣಗಿ ಸಡಿಲ ಆಗುತ್ತದೆ. ಮಳೆಗಾಲದಲ್ಲಂತೂ ಕೊಳೆಯುತ್ತದೆ. ನೈಲಾನ್ ಹಗ್ಗ ಕೊಳೆಯುವುದಿಲ್ಲ, ಆದರೆ ನುಣುಪಾದ ಗಳದ ಮೇಲೆ ಗಂಟು ಜಾರುತ್ತದೆ. ಬಿಸಿಲಿಗೆ ಪುಡಿಪುಡಿಯೂ ಆಗುತ್ತದೆ. ಯಾವುದೇ ಆಗಲಿ, ಹಿಂದಿನ ಸೈಟ್‌ನಲ್ಲಿ ಬಿಚ್ಚಿದ ಹಗ್ಗವನ್ನು ಇಲ್ಲಿ ಕಟ್ಟಬೇಡಿ.

ಸಾರವೆಯ ಕಾಲು ಎಲ್ಲಿ ಊರಬೇಕು? ಅಡಿಗೆ ಬ್ಲಾಕ್ ಇಟ್ಟರೆ ಸಾಲದಾ?

ಸಾಲದು. ಹೊಸ ಮನೆಯ ಸುತ್ತ ನೆಲ ಗಟ್ಟಿ ಕಾಣಿಸಿದರೂ ಅದು ಪಾಯ ತೆಗೆದು ಮತ್ತೆ ತುಂಬಿದ ಮಣ್ಣು. ಒಂದು ಜೋರು ಮಳೆ ಬಿದ್ದರೆ ಕೂರುತ್ತದೆ. ಒಂದು ಕಾಲು ಎರಡಿಂಚು ಇಳಿದರೆ ಮೇಲೆ ನಿಂತವನಿಗೆ ಇಡೀ ಸಾರವೆಯೇ ವಾಲಿದ ಹಾಗೆ ಆಗುತ್ತದೆ. ಮಣ್ಣನ್ನು ಧಮ್ಮಸ್ ಮಾಡಿ. ಮೇಲೆ ಒಂದೂವರೆ ಇಂಚಿನ ದಪ್ಪ ಹಲಗೆ ಹಾಸಿ, ಅದು ಎರಡು ಕಾಲುಗಳಿಗೆ ಸೇರಿ ಉದ್ದಕ್ಕೆ ಇರಲಿ. ಅದರ ಮೇಲೆ ಕಬ್ಬಿಣದ ಬೇಸ್ ಪ್ಲೇಟ್ ಇಟ್ಟು ಕಾಲು ನಿಲ್ಲಿಸಿ.

ಬ್ಲಾಕ್ ಮೇಲೆ ನಿಲ್ಲಿಸಿದರೆ ಭಾರವೆಲ್ಲಾ ಪೈಪ್‌ನ ಸಣ್ಣ ಬಾಯಿಯಷ್ಟು ಜಾಗದ ಮೇಲೆ ಬೀಳುತ್ತದೆ. ಬ್ಲಾಕ್ ಹೇಳದೆ ಕೇಳದೆ ಸೀಳುತ್ತದೆ. ಸಂಪ್ ಮುಚ್ಚಳದ ಮೇಲೆ, ಚರಂಡಿ ಕಲ್ಲಿನ ಮೇಲೆ ಕಾಲು ಊರುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಗೋಡೆಗೆ ಎಷ್ಟು ಕಡೆ ಕಟ್ಟಬೇಕು?

ಸಾರವೆಯ ಎತ್ತರ ಅದರ ತಳದ ಅಗಲದ ನಾಲ್ಕು ಪಟ್ಟು ಮೀರುವ ಮೊದಲೇ ಕಟ್ಟಡಕ್ಕೆ ಬಿಗಿಯಬೇಕು. ಮೂರಡಿ ಅಗಲದ ಸಾರವೆ ಅಂದರೆ ಹನ್ನೆರಡು ಅಡಿಗೆ ಮೊದಲ ಕಟ್ಟು. ಮೇಲಕ್ಕೂ ಅಷ್ಟೇ ಅಂತರದಲ್ಲಿ ಕಟ್ಟುತ್ತಾ ಹೋಗಿ. ಕಾಲಮ್‌ಗೆ, ಬೀಮ್‌ಗೆ ಕಟ್ಟಿ. ಕಿಟಕಿ ಗ್ರಿಲ್‌ಗೆ, ಮಳೆನೀರಿನ ಪೈಪ್‌ಗೆ, ನಿನ್ನೆ ಕಟ್ಟಿದ ಹಸಿ ಗೋಡೆಗೆ ಕಟ್ಟಿದರೆ ಕಟ್ಟದೇ ಇದ್ದ ಹಾಗೆಯೇ. ಅಡ್ಡಗೋಲುಗಳು ಎಷ್ಟಿದ್ದರೂ ಓರೆ ಕಟ್ಟು ಇರಲೇಬೇಕು. ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡುವುದಿಲ್ಲ.

ಹಲಗೆ ಹೇಗಿರಬೇಕು? ಸೆಂಟ್ರಿಂಗ್ ಶೀಟ್ ಹಾಸಿದರೆ ಆಗಲ್ವಾ?

ಸೆಂಟ್ರಿಂಗ್ ಶೀಟ್ ಅಂದರೆ ಕಾಂಕ್ರೀಟ್ ಸುರಿಯಲು ಅಚ್ಚಾಗಿ ಹಾಸುವ ತಗಡು. ಅದಕ್ಕೆ ಎಣ್ಣೆ ಸವರಿರುತ್ತಾರೆ, ಕಾಲು ಜಾರುತ್ತದೆ. ಅದು ಓಡಾಡಲು ಮಾಡಿದ್ದೇ ಅಲ್ಲ. ಒಂದೂವರೆ ಇಂಚು ದಪ್ಪದ ಮರದ ಹಲಗೆ ಆದರೆ ಪ್ರತಿ ಐದು ಅಡಿಗೆ ಒಳಗೇ ಕೆಳಗಿನಿಂದ ಆಧಾರ ಬೇಕು. ಆಧಾರದಿಂದ ಆಚೆಗೆ ಅರ್ಧ ಅಡಿ ಚಾಚಿದರೆ ಸಾಕು. ಜಾಸ್ತಿ ಚಾಚಿದರೆ ಮಕ್ಕಳ ಏತ ಇದ್ದ ಹಾಗೆ, ತುದಿಗೆ ಕಾಲಿಟ್ಟರೆ ಇನ್ನೊಂದು ತುದಿ ಏಳುತ್ತದೆ. ಎರಡೂ ತುದಿ ಕಟ್ಟಿ. ಒಂಟಿ ಹಲಗೆ ಮೇಲೆ ನಿಂತು ಕೆಲಸ ಬೇಡ. ಕನಿಷ್ಠ ಎರಡಡಿ ಅಗಲ ಸಂದಿಲ್ಲದೆ ಹಾಸಿ.

ಹಲಗೆಗೆ ಪೇಂಟ್ ಬಳಿಯಬೇಡಿ. ಚೆಂದ ಕಾಣುತ್ತದೆ ನಿಜ, ಸೀಳು ಮಾತ್ರ ಕಾಣುವುದಿಲ್ಲ.

ಹೊರ ಅಂಚಿಗೆ ಸೊಂಟದ ಎತ್ತರಕ್ಕೆ, ಅಂದರೆ ಸುಮಾರು ಒಂದು ಮೀಟರ್‌ಗೆ ಕಟಕಟೆ ಬೇಕು. ಅದರ ನಡುಮಧ್ಯಕ್ಕೆ ಇನ್ನೊಂದು ಅಡ್ಡಗೋಲು. ಕಾಲ ಹತ್ತಿರ ಅರ್ಧ ಅಡಿ ಎತ್ತರದ ಅಡ್ಡಪಟ್ಟಿ ಕಟ್ಟಿದರೆ ಇಟ್ಟಿಗೆ, ಕರಣೆ ಉರುಳಿ ಕೆಳಗಿನವರ ತಲೆ ಮೇಲೆ ಬೀಳುವುದು ತಪ್ಪುತ್ತದೆ.

ಒಂದು ಸಾರವೆ ಮೇಲೆ ಎಷ್ಟು ಭಾರ ಇಡಬಹುದು?

ಇದನ್ನು ಕೇಳುವವರು ಕಡಿಮೆ. ಆದರೆ ಸಾರವೆ ಪೂರ್ತಿ ಕುಸಿಯುವುದು ಬಹಳ ಸಲ ಇದರಿಂದಲೇ, ಹಾಗಾಗಿ ಲೆಕ್ಕ ಹಾಕಿಯೇ ಬಿಡೋಣ.

ಇಟ್ಟಿಗೆ, ಪ್ಲಾಸ್ಟರ್ ಕೆಲಸದ ಸಾಮಾನ್ಯ ಸಾರವೆಗೆ ಚದರ ಮೀಟರ್‌ಗೆ 200 ಕೆಜಿ ಎಂದು ಇಟ್ಟುಕೊಳ್ಳುತ್ತಾರೆ. ಆರಡಿ ಉದ್ದ, ಮೂರಡಿ ಅಗಲದ ಅಟ್ಟಣಿಗೆ ಅಂದರೆ ಸುಮಾರು 1.7 ಚದರ ಮೀಟರ್. ಒಟ್ಟು 330 ಕೆಜಿ ತಡೆಯಬೇಕು. ಇಬ್ಬರು ಕೆಲಸಗಾರರು ಸೇರಿ 130 ಕೆಜಿ ಆಯಿತು. ಮಾಲು ತುಂಬಿದ ಎರಡು ಬಾಂಡ್ಲಿ 40 ಕೆಜಿ. ಉಳಿಯುವುದು 160. ಆರಿಂಚಿನ ಸಾಲಿಡ್ ಬ್ಲಾಕ್ ಒಂದೊಂದೂ 25 ಕೆಜಿಗೆ ಕಡಿಮೆ ಇಲ್ಲ. ಅಂದರೆ ಆರು ಬ್ಲಾಕ್ ಇಡಬಹುದು. ಆರೇ ಆರು!

ನಮ್ಮಲ್ಲಿ ಏನು ಮಾಡುತ್ತಾರೆ? ಪದೇ ಪದೇ ಹತ್ತಿಸುವುದು ಯಾಕೆ ಎಂದು ಬೆಳಿಗ್ಗೆಯೇ ಇಪ್ಪತ್ತು ಬ್ಲಾಕ್ ಪೇರಿಸಿಡುತ್ತಾರೆ. ಬ್ಲಾಕ್‌ಗಳೇ 500 ಕೆಜಿ ಆದವು. ಅದೂ ನಡುವೆ ಒಂದೇ ಕಡೆ. ಸಾರವೆ ಸಂಜೆವರೆಗೆ ನಿಂತಿತಲ್ಲಾ ಅಂದರೆ ಅದು ಅವತ್ತಿನ ಅದೃಷ್ಟ. ಬೇಕಾದಷ್ಟೇ ಮೇಲೆ ಕಳಿಸಿ, ಕಾಲುಗಳ ಹತ್ತಿರ ಹಂಚಿ ಇಡಿ. ಮೇಲಿಂದ ಹಲಗೆಗೆ ಬ್ಲಾಕ್ ಧೊಪ್ಪೆಂದು ಹಾಕುವುದು ಬೇಡ. ಇಟ್ಟಾಗಿನ ಭಾರವೇ ಬೇರೆ, ಬಿದ್ದಾಗಿನ ಪೆಟ್ಟೇ ಬೇರೆ.

ಸೇಫ್ಟಿ ಬೆಲ್ಟ್ ಹಾಕಿಕೊಂಡರೆ ಆಯ್ತಲ್ವಾ, ಕಟಕಟೆ ಯಾಕೆ?

ಸಣ್ಣ ಕಟ್ಟಡಗಳಲ್ಲಿ ಇದು ತಿರುವುಮುರುವು. ಅಲ್ಲಿ ಕಟಕಟೆಯೇ ಮುಖ್ಯ, ಬೆಲ್ಟ್ ಆಮೇಲೆ. ಯಾಕೆ ಎಂದು ನೋಡಿ.

ಬೆಲ್ಟಿನ ಹಗ್ಗ ಸಾಮಾನ್ಯವಾಗಿ 1.8 ಮೀಟರ್. ಬಿದ್ದಾಗ ಪೆಟ್ಟು ತಡೆಯುವ ಮಡಿಕೆ ಬಿಚ್ಚಿಕೊಂಡು ಇನ್ನೊಂದು ಒಂದೂವರೆ ಮೀಟರ್ ಉದ್ದ ಆಗುತ್ತದೆ. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಮತ್ತೆ ಒಂದೂವರೆ ಮೀಟರ್. ಎಲ್ಲಾ ಕೂಡಿಸಿ, ಸುರಕ್ಷತೆಗೆ ಇನ್ನೊಂದು ಮೀಟರ್ ಹೆಚ್ಚಿಗೆ ಇಟ್ಟುಕೊಂಡರೆ, ಕೊಕ್ಕೆ ಹಾಕಿದ ಜಾಗದಿಂದ ಕೆಳಗೆ ಹತ್ತಿರ ಹತ್ತಿರ 6 ಮೀಟರ್ ಖಾಲಿ ಬೇಕು. ಅಂದರೆ ಸುಮಾರು ಇಪ್ಪತ್ತು ಅಡಿ. ನೀವು ಹತ್ತಡಿ ಎತ್ತರದಲ್ಲಿ ನಿಂತು ಸೊಂಟದ ಮಟ್ಟಕ್ಕೆ ಕೊಕ್ಕೆ ಹಾಕಿದ್ದರೆ ಬೆಲ್ಟ್ ಬಿಗಿಯುವ ಮೊದಲೇ ನೆಲ ಬಂದಿರುತ್ತದೆ.

ಎತ್ತರದಲ್ಲಿ ಬೆಲ್ಟ್ ಬೇಡ ಎಂದು ಇದರರ್ಥ ಅಲ್ಲ, ಬೇಕೇ ಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಪಟ್ಟಿ ಬೇಡ. ಬಿದ್ದಾಗ ಇಡೀ ಮೈಭಾರ ಸೊಂಟ, ಹೊಟ್ಟೆ ಮೇಲೆ ಬಿದ್ದು ಒಳಗೇ ಗಾಯ ಆಗುತ್ತದೆ. ತೊಡೆ, ಭುಜ, ಎದೆ ಮೂರನ್ನೂ ಸುತ್ತುವ ಹಾರ್ನೆಸ್ ತನ್ನಿ. ಅದರ ಮೇಲೆ ಐಎಸ್ (ಭಾರತೀಯ ಮಾನಕ) 3521 ಎಂದು ಇದೆಯಾ ನೋಡಿ. ಕೊಕ್ಕೆಯನ್ನು ತಲೆಗಿಂತ ಮೇಲೆ ಹಾಕಿ. ಅದನ್ನು ಸಾರವೆಯ ಸಡಿಲ ಪೈಪ್‌ಗೆ ಹಾಕಬೇಡಿ, ಕಾಲಮ್‌ಗೆ ಬಿಗಿದ ಗಟ್ಟಿ ಹಗ್ಗಕ್ಕೆ ಹಾಕಿ. ಒಮ್ಮೆ ಯಾರನ್ನಾದರೂ ಹಿಡಿದ ಹಾರ್ನೆಸ್ಸನ್ನು ಕತ್ತರಿಸಿ ಬಿಸಾಡಿ. ದುಡ್ಡು ಕೊಟ್ಟಿದ್ದು ಎಂದು ಮತ್ತೆ ತೂಗುಹಾಕಬೇಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಾರ್ನೆಸ್‌ನಲ್ಲಿ ನೇತಾಡುತ್ತಿರುವವನು ಬಚಾವಾದ ಎಂದು ಸುಮ್ನೆ ನೋಡುತ್ತಾ ನಿಲ್ಲಬೇಡಿ. ಕಾಲಿನಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಹೇಗೆ ಇಳಿಸುತ್ತೀರಿ ಎಂದು ಹತ್ತಿಸುವ ಮೊದಲೇ ಯೋಚಿಸಿರಿ.

ಹೆಲ್ಮೆಟ್ ಹಾಕಿದರೆ ಸೆಖೆ ಎಂದು ಕೆಲಸದವರು ತೆಗೆದಿಡುತ್ತಾರೆ. ಏನು ಮಾಡುವುದು?

ಬಾಯಿಮಾತಲ್ಲಿ ಹೇಳಿದರೆ ಹಾಕುವುದಿಲ್ಲ. ಮೇಸ್ತ್ರಿ ಮೊದಲು ಹಾಕಿದರೆ ಉಳಿದವರು ಹಾಕುತ್ತಾರೆ. ನಾನು ಕಂಡ ಉಪಾಯ ಇದೊಂದೇ. ಒಳಗೆ ಹತ್ತಿ ಟವೆಲ್ ಸುತ್ತಿ ಮೇಲೆ ಹೆಲ್ಮೆಟ್ ಇಡುವುದು ಬೇಡ, ಸರಿಯಾಗಿ ಕೂರುವುದಿಲ್ಲ. ಗಾಳಿಗೆಂದು ತೂತು ಕೊರೆಯುವುದೂ ಬೇಡ. ಗದ್ದದ ಪಟ್ಟಿ ಹಾಕಿ. ಇಲ್ಲದಿದ್ದರೆ ಬೀಳುವಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ.

ಚಪ್ಪಲಿ, ಸೀರೆ?

ಹವಾಯಿ ಚಪ್ಪಲಿ ಬೇಡವೇ ಬೇಡ. ಒದ್ದೆ ಹಲಗೆ ಮೇಲೆ ಜಾರುತ್ತದೆ, ಮೊಳೆಯೂ ಚುಚ್ಚುತ್ತದೆ. ಬಾಂಡ್ಲಿ ಹೊರುವ ಹೆಣ್ಣುಮಕ್ಕಳು ಸೀರೆ ಮೇಲೆ ಗಂಡಸರ ಶರ್ಟ್ ತೊಟ್ಟಿರುತ್ತಾರೆ. ಸೆರಗು ಸಿಕ್ಕಿಕೊಳ್ಳದಿರಲು ಅವರೇ ಕಂಡುಕೊಂಡ ದಾರಿ ಅದು, ಒಳ್ಳೆಯದೇ. ಆದರೆ ತಲೆ ಮೇಲೆ ಬಾಂಡ್ಲಿ ಇಟ್ಟುಕೊಂಡು ಒಂದೇ ಕೈಯಲ್ಲಿ ಏಣಿ ಹತ್ತುವುದು ತಪ್ಪು. ರಾಟೆ ಹಗ್ಗ ಕಟ್ಟಿ ಮೇಲಕ್ಕೆ ಎಳೆಯಿರಿ. ಒಂದು ರಾಟೆಗೆ ಎಷ್ಟು ಖರ್ಚಾಗುತ್ತದೆ ಮಹಾ?

ಏಣಿ ಹೇಗೆ ಇಡಬೇಕು?

ನಾಲ್ಕಡಿ ಎತ್ತರಕ್ಕೆ ಒಂದಡಿ ಆಚೆ. ಹನ್ನೆರಡು ಅಡಿ ಮೇಲೆ ಒರಗಿಸಿದ್ದರೆ ಬುಡ ಗೋಡೆಯಿಂದ ಮೂರಡಿ ದೂರ ಇರಲಿ. ಅಟ್ಟಣಿಗೆಯ ಮೇಲೆ ಇನ್ನೂ ಮೂರಡಿ ಚಾಚಿರಬೇಕು, ಇಳಿಯುವಾಗ ಹಿಡಿಯಲು. ಮೇಲ್ತುದಿ ಕಟ್ಟಿ. ಓರೆಗೋಲು ಹಿಡಿದು ಮಂಗನ ಹಾಗೆ ಹತ್ತುವುದು ಹುಡುಗರಿಗೆ ಖುಷಿ, ಮೇಸ್ತ್ರಿ ಬೈಯಲೇಬೇಕು.

ಸೈಟ್ ಮುಂದೆಯೇ ಕರೆಂಟ್ ತಂತಿ ಇದೆ. ಪ್ಲಾಸ್ಟಿಕ್ ಪೈಪ್ ತೊಡಿಸಿದರೆ ಸಾಕಾ?

ಸಾಲದು. ಬೆಂಗಳೂರಿನ ಸಣ್ಣ ರಸ್ತೆಗಳಲ್ಲಿ ತಂತಿ ಬಾಲ್ಕನಿಗೆ ಕೈಚಾಚಿದಷ್ಟು ದೂರದಲ್ಲಿರುತ್ತದೆ. ಅದಕ್ಕೆ ಸೀಳಿದ ಪಿವಿಸಿ ಪೈಪ್ ಸಿಕ್ಕಿಸಿ ನೆಮ್ಮದಿಯಾಗಿರುತ್ತಾರೆ. ಸಂದಿಯಲ್ಲಿ ಮಳೆನೀರು ಇಳಿದರೆ ಮುಗಿಯಿತು. 11 ಕೆವಿ (11 ಸಾವಿರ ವೋಲ್ಟ್) ತಂತಿ ಆದರೆ ಮುಟ್ಟಬೇಕಂತಲೂ ಇಲ್ಲ, ಹತ್ತಿರ ಹೋದರೆ ಹಾರಿ ಹೊಡೆಯುತ್ತದೆ. ಸಾರವೆಯೂ, ಕೈಯಲ್ಲಿರುವ ಉದ್ದದ ಕಂಬಿ, ಪೈಪೂ ತಂತಿಯಿಂದ ಕನಿಷ್ಠ 3 ಮೀಟರ್ ದೂರ ಇರಬೇಕು. ಅಷ್ಟು ಜಾಗ ಇಲ್ಲದಿದ್ದರೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ನಿಮ್ಮ ಕಡೆ ಯಾವುದೋ ಅದಕ್ಕೆ ಅರ್ಜಿ ಕೊಡಿ. ಲೈನ್ ಬಂದ್ ಮಾಡಿಸಿ, ಇಲ್ಲವೇ ಬೇರೆ ಕಡೆ ಹಾಕಿಸಿ. ಸಹಾಯವಾಣಿ 1912. ಮರದ ಸಾರವೆಗೆ ಕರೆಂಟ್ ಹೊಡೆಯಲ್ಲ ಅನ್ನುವವರಿಗೆ ಒಂದೇ ಮಾತು: ಒದ್ದೆ ಮರಕ್ಕೆ ಹೊಡೆಯುತ್ತದೆ.

ಮಳೆ, ಗಾಳಿ ಬಂದರೆ?

ಇಳಿಯಿರಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬರುವ ಗಾಳಿ ಮಳೆಗಿಂತ ಕೆಟ್ಟದ್ದು. ಗುಡುಗು ಕೇಳಿದ ಮೇಲೆ ಕಬ್ಬಿಣದ ಸಾರವೆ ಮೇಲೆ ಯಾರೂ ಇರಬಾರದು. ಕರಾವಳಿ, ಮಲೆನಾಡಿನಲ್ಲಿ ತಿಂಗಳುಗಟ್ಟಲೆ ನೆಂದ ಸಾರವೆಯನ್ನು ಮಳೆ ಬಿಟ್ಟ ಮೇಲೆ ಹಾಗೆಯೇ ಹತ್ತಬೇಡಿ. ಬಿಚ್ಚಿ ಹೊಸ ಹಗ್ಗದಲ್ಲಿ ಕಟ್ಟುವುದು ವಾಸಿ.

ಹಸಿರು ಬಲೆ ಕಟ್ಟಿದ್ದೇವೆ. ಬಿದ್ದರೆ ಅದು ಹಿಡಿಯುತ್ತದಾ?

ಇಲ್ಲ. ಅದು ಧೂಳಿಗೆ, ಚೂರುಪಾರು ಸಿಡಿಯದಂತೆ ಕಟ್ಟುವುದು. ಮನುಷ್ಯರನ್ನು ಹಿಡಿಯುವ ಬಲೆ ಬೇರೆಯೇ. ಜೊತೆಗೆ ಬಲೆ ಕಟ್ಟಿದ ಸಾರವೆಗೆ ಗಾಳಿ ಹಾಯಿಗೆ ಹೊಡೆದ ಹಾಗೆ ಹೊಡೆಯುತ್ತದೆ, ಗೋಡೆಗೆ ಕಟ್ಟು ಹೆಚ್ಚು ಬೇಕು. ಬೆಂಕಿಯ ಅಪಾಯವೂ ಇದೆ. 2025ರ ನವೆಂಬರ್‌ನಲ್ಲಿ ಹಾಂಗ್‌ಕಾಂಗ್‌ನ ವಾಂಗ್ ಫುಕ್ ಕೋರ್ಟ್ ಎಂಬ ವಸತಿ ಸಮುಚ್ಚಯದಲ್ಲಿ ರಿಪೇರಿಗೆಂದು ಬೊಂಬಿನ ಸಾರವೆ, ಬಲೆ ಸುತ್ತಿದ್ದ ಕಟ್ಟಡಗಳಿಗೆ ಬೆಂಕಿ ಬಿದ್ದು 150ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಬಲೆಯೂ, ಕಿಟಕಿಗೆ ಮೆತ್ತಿದ್ದ ಫೋಮ್ ಹಲಗೆಯೂ ಬೆಂಕಿ ಹಬ್ಬಿಸಿದವು. ಬಲೆಯ ಹತ್ತಿರ ವೆಲ್ಡಿಂಗ್ ಬೇಡ, ಬೀಡಿಯೂ ಬೇಡ.

ಯಾರಾದರೂ ಬಿದ್ದೇ ಬಿಟ್ಟರೆ?

ನಾಲ್ಕು ಜನ ಕೈಕಾಲು ಹಿಡಿದು ಆಟೋಗೆ ತುಂಬುವುದು ನಮ್ಮ ರೂಢಿ. ಬೆನ್ನುಹುರಿಗೆ ಏಟಾಗಿದ್ದರೆ ಆ ಎತ್ತಾಟದಲ್ಲೇ ಕಾಲು ಶಾಶ್ವತವಾಗಿ ಬಿದ್ದುಹೋಗಬಹುದು. ಅಲ್ಲೇ ಮಲಗಿರಲಿ. ತಲೆ, ಕತ್ತು ಅಲುಗಾಡದಂತೆ ಒಬ್ಬರು ಹಿಡಿಯಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ. ನೀರು, ಟೀ ಕುಡಿಸಬೇಡಿ. ಕರೆಂಟ್ ಹೊಡೆದಿದ್ದರೆ ಲೈನ್ ಬಂದ್ ಆಗುವವರೆಗೆ ಮುಟ್ಟಬೇಡಿ.

ಬಿದ್ದವನು ಎದ್ದು ಮೈ ಕೊಡವಿಕೊಂಡು ಏನಾಗಿಲ್ಲ ಅಂದರೂ ಮತ್ತೆ ಹತ್ತಿಸಬೇಡಿ. ತಲೆಗೆ ಪೆಟ್ಟಾಗಿದ್ದರೆ ವಾಂತಿ, ಮಂಪರು ಎಷ್ಟೋ ಗಂಟೆ ಬಿಟ್ಟು ಬರಬಹುದು. ಆಸ್ಪತ್ರೆಗೆ ತೋರಿಸಿ.

ಕಾನೂನು ಏನು ಹೇಳುತ್ತದೆ? ಓನರ್‌ಗೂ ಬರುತ್ತದಾ?

ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕೇಂದ್ರದ ಕಾಯಿದೆ ಬಂತು. 2006ರಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಮಾಡಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆ ಅವುಗಳೊಳಗೆ ಸೇರಿದೆ. ಸಾರವೆ ಹೇಗಿರಬೇಕು ಎಂದು ಐಎಸ್ 3696 ಹೇಳುತ್ತದೆ. ನಿರ್ಲಕ್ಷ್ಯದಿಂದ ಸಾವು ಆದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ಕಾಂಟ್ರ್ಯಾಕ್ಟ್ ಕೊಟ್ಟಾಯ್ತು, ನನಗೇನು ಎಂದು ಓನರ್ ಕೈ ತೊಳೆದುಕೊಳ್ಳುವ ಹಾಗಿಲ್ಲ. ಪೊಲೀಸರು ಅವರನ್ನೂ ಕರೆಸುತ್ತಾರೆ.

ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿಕೊಳ್ಳಿ. ವಯಸ್ಸು 18ರಿಂದ 60 ಇರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅಪಘಾತಕ್ಕೆ, ಸಾವಿಗೆ, ಅಂಗ ಊನವಾದರೆ ಮಂಡಳಿಯಿಂದ ಸಹಾಯಧನ ಇದೆ. ಕಟ್ಟಡದ ಖರ್ಚಿನ ಮೇಲೆ ವಸೂಲಿ ಮಾಡುವ ಶೇಕಡಾ 1ರ ಸೆಸ್ ಹಣವೇ ಅದು. ಭಿಕ್ಷೆ ಅಲ್ಲ, ನಿಮ್ಮದೇ ದುಡ್ಡು. ಕಾರ್ಡ್ ಇಲ್ಲ ಎಂದ ಮಾತ್ರಕ್ಕೆ ಕೆಲಸ ಕೊಟ್ಟವರ ಪರಿಹಾರದ ಹೊಣೆ ತಪ್ಪುವುದಿಲ್ಲ.

ಕೆಲಸ ಮುಗಿಯಿತು. ಬಿಚ್ಚುವಾಗ ಏನು ನೋಡಬೇಕು?

ಕಟ್ಟುವಾಗ ಇದ್ದ ಜಾಗ್ರತೆ ಬಿಚ್ಚುವಾಗ ಇರುವುದಿಲ್ಲ. ಬಾಡಿಗೆ ದಿನ ಏರುತ್ತಿರುತ್ತದೆ, ಲಾರಿ ಬಂದು ನಿಂತಿರುತ್ತದೆ. ಮೇಲಿಂದ ಕೆಳಕ್ಕೆ, ಕಟ್ಟಿದ್ದಕ್ಕೆ ತಿರುಗಾಗಿ ಬಿಚ್ಚಿ. ಗೋಡೆಯ ಕಟ್ಟು, ಓರೆಗೋಲು ಆಯಾ ಹಂತಕ್ಕೆ ಬರುವವರೆಗೆ ಮುಟ್ಟಬೇಡಿ. ಕೆಳಗಿನ ಓರೆಗೋಲನ್ನು ಮೊದಲೇ ಬಿಚ್ಚಿ ಲಾರಿಗೆ ಹಾಕಿದರೆ ಮೇಲಿನವನು ಯಾವುದರ ಮೇಲೆ ನಿಂತಿದ್ದಾನೆ? ಪೈಪ್, ಹಲಗೆ ಕೆಳಕ್ಕೆ ಎಸೆಯಬೇಡಿ, ಹಗ್ಗ ಕಟ್ಟಿ ಇಳಿಸಿ. ಅಕ್ಕಪಕ್ಕದ ಮನೆ ಮಕ್ಕಳು ನೋಡಲು ಬರುತ್ತಾರೆ, ರಸ್ತೆ ಕಡೆ ಒಬ್ಬರನ್ನು ಕಾವಲು ನಿಲ್ಲಿಸಿ. ಬೆಳಿಗ್ಗೆ ಸುತ್ತು ಬರುತ್ತಿದ್ದರಲ್ಲ, ಅವರೇ ನಿಂತು ಬಿಚ್ಚಿಸಲಿ. ಅರ್ಧ ಬಿಚ್ಚಿ ಕತ್ತಲಾದರೆ ಏಣಿ ತೆಗೆದು ಕೆಂಪು ಬಟ್ಟೆ ಕಟ್ಟಿ, ಲಾರಿಯವನಿಗೆ ನಾಳೆ ಬಾ ಅನ್ನಿ.